ಆಸ್ಪತ್ರೆಯಿಂದ ಮರಳಿದ ಮೇಲೆ

ಅರಕಲಗೂಡಿನ ಕಡೆಯ ಹಳ್ಳಿಯೊಂದರ ವೃದ್ಧೆಯೊಬ್ಬರು ಶ್ವಾಸಕೋಶದ ಉರಿಯೂತಕ್ಕಾಗಿ ಹಾಸನದ ಆಸ್ಪತ್ರೆಯಲ್ಲಿ 10 ದಿನ ಚಿಕಿತ್ಸೆ ಪಡೆದು ಮನೆಗೆ ಮರಳಿದರೆಂದು ಭಾವಿಸೋಣ. ಜ್ವರ ಬಿಟ್ಟಿದೆ, ಕೆಮ್ಮು ನಿಂತಿದೆ. ಆದರೂ ಬಚ್ಚಲಿಗೆ ಹೋಗಲು ಅವರು ಗೋಡೆ ಹಿಡಿಯುತ್ತಾರೆ. ಕಾಯಿಲೆಗೆ ಮುನ್ನ ಹಿತ್ತಿಲಲ್ಲಿ ನೀರು ಹೊರುತ್ತಿದ್ದವರು ಇವರೇ. ರೋಗ ಹೋಯಿತು, ಸರಿ. ಶಕ್ತಿ ಎಲ್ಲಿಗೆ ಹೋಯಿತು?

ಉತ್ತರದ ಒಂದು ಭಾಗ ಹಾಸಿಗೆಯಲ್ಲೇ ಇದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ, 20 ವರ್ಷದ ಐವರು ಆರೋಗ್ಯವಂತ ತರುಣರನ್ನು 3 ವಾರ ಹಾಸಿಗೆಯಲ್ಲೇ ಇರಿಸಿ ವಿಜ್ಞಾನಿಗಳು ಪರೀಕ್ಷಿಸಿದರು. ಕಠಿಣ ಶ್ರಮದ ವೇಳೆ ಅವರ ದೇಹ ಬಳಸಬಲ್ಲ ಆಮ್ಲಜನಕದ ಪ್ರಮಾಣ ಕಾಲುಭಾಗಕ್ಕೂ ಮಿಕ್ಕಿ ಕುಸಿದಿತ್ತು. 30 ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂರು ದಶಕಗಳ ವಯಸ್ಸು ತಂದ ಕುಸಿತಕ್ಕಿಂತ ಆ ಮೂರು ವಾರಗಳ ಕುಸಿತವೇ ಹೆಚ್ಚಿನದೆಂದು ಕಂಡುಬಂದಿತು! ತರುಣರ ಸ್ಥಿತಿಯೇ ಹೀಗಾದರೆ ವೃದ್ಧರ ಪಾಡೇನು? 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರೋಗ್ಯವಂತರಾದ ಹಿರಿಯರು 10 ದಿನ ಹಾಸಿಗೆಯಲ್ಲಿದ್ದುದಕ್ಕೇ ಅವರ ಕಾಲುಗಳ ತೂಕ, ಕೊಬ್ಬನ್ನು ಬಿಟ್ಟು, ಸರಾಸರಿ 1 ಕಿಲೋಗ್ರಾಮಿನಷ್ಟು ಇಳಿದಿತ್ತು.

ಇದಕ್ಕೆ ಕಾರಣವನ್ನು ವಿಚಾರಿಸೋಣ. ನಮ್ಮ ಮಾಂಸಖಂಡಗಳು ಅನುದಿನವೂ ಸ್ವಲ್ಪ ಸವೆದು, ಸ್ವಲ್ಪ ಕಟ್ಟಿಕೊಳ್ಳುತ್ತಿರುತ್ತವೆ. ಮೈಭಾರವನ್ನು ಹೊರುವ ಕೆಲಸವೇ ಕಟ್ಟುವಿಕೆಗೆ ಪ್ರೇರಣೆ. ಮಲಗಿದಾಗ ಆ ಪ್ರೇರಣೆ ತಪ್ಪುತ್ತದೆ. ಸವೆತ ಮಾತ್ರ ಮುಂದುವರಿಯುತ್ತದೆ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆ ಮಾಂಸಖಂಡಕ್ಕೂ ಸಲ್ಲುತ್ತದೆ. ವೃದ್ಧರ ಕುಡಿಕೆಯಾದರೋ ಮೊದಲೇ ಅರೆಬರಿದು. ಇದರೊಡನೆ, ಎದ್ದು ನಿಂತಾಗ ರಕ್ತದೊತ್ತಡವನ್ನು ಕಾಯ್ದುಕೊಳ್ಳುವ ಏರ್ಪಾಡೂ ಮಂದವಾಗಿ ತಲೆ ಸುತ್ತುತ್ತದೆ. ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಆಸ್ಪತ್ರೆಯೇ ಗತಿ.

ಆಸ್ಪತ್ರೆಯಿಂದ ಬಿಡುಗಡೆಯಾದವರು ಕೆಲವು ವಾರಗಳ ಕಾಲ ಎಲ್ಲ ಬಗೆಯ ಕಾಯಿಲೆಗಳಿಗೂ ಸುಲಭವಾಗಿ ತುತ್ತಾಗುವ ಈ ಸ್ಥಿತಿಗೆ, 2013ರಲ್ಲಿ ಅಮೆರಿಕದ ವೈದ್ಯ ಹಾರ್ಲನ್ ಕ್ರುಮ್‌ಹೋಲ್ಜ್ ಒಂದು ಪ್ರತ್ಯೇಕ ಹೆಸರನ್ನೇ ಕೊಟ್ಟರು. ಅಲ್ಪಾಹಾರ, ನಿದ್ರಾಭಂಗ, ನೋವು, ಹಾಸಿಗೆವಾಸ, ಇವೆಲ್ಲ ಸೇರಿ ಅದನ್ನು ಉಂಟುಮಾಡುತ್ತವೆ. ಆದರೆ ನಿರಾಶರಾಗಬೇಕಾದುದಿಲ್ಲ. 1935ರಿಂದ ಇಂಗ್ಲೆಂಡಿನ ವೈದ್ಯೆ ಮಾರ್ಜರಿ ವಾರೆನ್, ವಾಸಿಯಾಗರೆಂದು ಹಾಸಿಗೆಗೇ ಬಿಟ್ಟಿದ್ದ ಅನೇಕ ವೃದ್ಧರನ್ನು ವ್ಯಾಯಾಮದಿಂದಲೂ ಶುಶ್ರೂಷೆಯಿಂದಲೂ ನಡೆಯಿಸಿ, ಮನೆಗೆ ಕಳುಹಿಸಿದರು.

ನಮ್ಮಲ್ಲಿ ಈ ಕಾರ್ಯ ಎಲ್ಲಿ ನಡೆಯಬೇಕು? ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಜಿಲ್ಲಾ ಕೇಂದ್ರವಾದ ಹಾಸನಕ್ಕೆ ಸುಮಾರು 30ರಿಂದ 40 ಕಿಲೋಮೀಟರು. ಕಾಲು ಸೋತವರಿಗೆ ಬಸ್ಸಿನ ಮೆಟ್ಟಿಲೇ ಬೆಟ್ಟ. ಆದುದರಿಂದ ಆರೈಕೆ ಅವರ ಊರಿಗೆ ಹತ್ತಿರ ಬರಬೇಕು. 2010–11ರಲ್ಲಿ ಆರಂಭವಾದ ರಾಷ್ಟ್ರೀಯ ಹಿರಿಯರ ಆರೋಗ್ಯ ಕಾರ್ಯಕ್ರಮದ ಸಂಕಲ್ಪವೂ ಇದೇ: ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರಿಗಾಗಿ 10 ಹಾಸಿಗೆಗಳ ವಾರ್ಡು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಅಂಗಸಾಧನೆಯ ಚಿಕಿತ್ಸೆ, ಹಾಸಿಗೆ ಹಿಡಿದವರಿಗೆ ಮನೆಭೇಟಿ.

ಉಳಿದುದು ಮನೆಯವರ ಕೆಲಸ. ವಿದ್ಯಾರ್ಥಿಗಳೂ ಇದರಲ್ಲಿ ನೆರವಾಗಬಹುದು. ವೈದ್ಯರ ಅನುಮತಿ ಪಡೆದು ಹಿರಿಯರನ್ನು ದಿನಕ್ಕೆ ಹಲವು ಸಲ ಕೈಹಿಡಿದು ನಡೆಸಿರಿ. ಕುರ್ಚಿಯಿಂದ ಏಳುವುದನ್ನೂ ಕೂರುವುದನ್ನೂ ಅಭ್ಯಾಸ ಮಾಡಿಸಿರಿ. ಎದೆನೋವು, ಏದುಸಿರು ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿರಿ. ಬರಿಯ ಗಂಜಿ ಮಾಂಸಖಂಡವನ್ನು ಕಟ್ಟಲಾರದು. ಹಾಲು, ಮೊಟ್ಟೆ, ಬೇಳೆ, ಹೆಸರುಕಾಳುಗಳಲ್ಲಿರುವ ಸಸಾರಜನಕ ಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ಅದರ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಹಳೆಯ ಮಾತ್ರೆ ಯಾವುದು, ಹೊಸದು ಯಾವುದು ಎಂಬ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದಿಡಿರಿ. ರಾತ್ರಿ ಬಚ್ಚಲಿನ ದಾರಿಯಲ್ಲಿ ದೀಪವಿರಲಿ.

“ಪಾಪ, ಮಲಗಿರಲಿ” ಎಂಬುದು ಪ್ರೀತಿಯ ಮಾತೇ. ಆದರೆ ಹಿರಿಯರಿಗೆ ಆ ದಿನಗಳಲ್ಲಿ ಹೆಚ್ಚು ಬೇಕಾದುದು ಎದ್ದು ನಿಲ್ಲಲು ಆಸರೆಯಾಗುವ ಒಂದು ಕೈ.