ರಾಗಿ ಪೈರು, ರೇಷ್ಮೆ ಗೂಡು, ಗೋದಲಿ: ಎಳೆಯರಿರುವ ಮನೆಯ ಕ್ರಿಸ್‌ಮಸ್

ಕೊಳ್ಳೇಗಾಲ: ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಹನೂರು ತಾಲ್ಲೂಕಿನ ಮಾರ್ಟಳ್ಳಿ, ಸಂದನಪಾಳ್ಯ ಸುತ್ತಮುತ್ತಲ ಮನೆಗಳ ಸೂರಿನಡಿಯಲ್ಲಿ ನಕ್ಷತ್ರಗಳು ತೂಗತೊಡಗುತ್ತವೆ. ಅದೇ ಹೊತ್ತಿಗೆ ಹೊಲದಲ್ಲಿ ರಾಗಿ ಕೊಯ್ಲು ಮುಗಿದಿರುತ್ತದೆ, ಸಂತೆಗೆ ಸೊಗಡಿನ ಅವರೆ ಬಂದಿರುತ್ತದೆ, ಬೆಳಗಿನ ಚಳಿ ಮೈಗೆ ಹತ್ತಿರುತ್ತದೆ. ಮನೆಯಲ್ಲಿ ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳಿದ್ದರಂತೂ ‘ಇನ್ನೆಷ್ಟು ದಿನ?’ ಎಂಬ ಪ್ರಶ್ನೆ ದಿನಕ್ಕೆ ಹತ್ತು ಬಾರಿಯಾದರೂ ಕೇಳಿಬರುತ್ತದೆ.

ಈ ಪ್ರಶ್ನೆಗೆ ನಮ್ಮ ಭಾಗದಲ್ಲಿ ಇನ್ನೊಂದು ಅರ್ಥವೂ ಇದೆ. ಮಳೆಯನ್ನೇ ನಂಬಿದ ಹನೂರು ಭಾಗದ ಹಳ್ಳಿಗಳಿಂದ ದುಡಿಮೆಗಾಗಿ ಬೆಂಗಳೂರು, ಕೊಯಮತ್ತೂರು, ತಿರುಪ್ಪೂರು ಕಡೆಗೆ ಹೋದವರು ಬಹಳ. ಅಜ್ಜ–ಅಜ್ಜಿಯರ ಮಡಿಲಲ್ಲಿ ಬೆಳೆಯುವ ಮಗು ‘ಇನ್ನೆಷ್ಟು ದಿನ’ ಎಂದು ಕೇಳುವಾಗ ಅದು ಹಬ್ಬವನ್ನು ಕೇಳುತ್ತಿದೆಯೋ, ಅಪ್ಪ–ಅಮ್ಮ ಬರುವ ಬಸ್ಸನ್ನು ಕೇಳುತ್ತಿದೆಯೋ ಹೇಳುವುದು ಕಷ್ಟ. ಎರಡೂ ಒಂದೇ ದಿನ ಬಂದರೆ ಅದೇ ದೊಡ್ಡ ಹಬ್ಬ. ಸರ್ಕಾರಿ ಶಾಲೆಯ ಮಕ್ಕಳಿಗೆ ಡಿಸೆಂಬರ್ 25ರ ಒಂದು ದಿನವಷ್ಟೇ ರಜೆ. ಆದ್ದರಿಂದ ಕ್ರಿಸ್‌ಮಸ್‌ನ ಬಹುಪಾಲು ಸಂಭ್ರಮ ನಡೆಯುವುದು ಚರ್ಚಿನಲ್ಲಿಯೂ ಅಲ್ಲ, ಶಾಲೆಯಲ್ಲಿಯೂ ಅಲ್ಲ. ಸಂಜೆ ಐದರಿಂದ ಎಂಟರ ನಡುವೆ ಮನೆಯ ಜಗುಲಿಯ ಮೇಲೆ.

ಕಾಯುವುದೇ ಅರ್ಧ ಹಬ್ಬ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಕ್ರೈಸ್ತರು ಆಗಮನ ಕಾಲ ಎನ್ನುತ್ತಾರೆ. ಇದರ ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ಚರ್ಚುಗಳಲ್ಲಿ ಹಸಿರು ಬಳೆಯೊಂದರ ಮೇಲೆ ವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ ಹೊತ್ತಿಸುವುದನ್ನು ಓದುಗರು ಕಂಡಿರಬಹುದು. ಈ ಪದ್ಧತಿ ಹುಟ್ಟಿದ್ದೇ ‘ಇನ್ನೆಷ್ಟು ದಿನ’ ಎಂದು ಪೀಡಿಸುವ ಮಕ್ಕಳಿಂದ ಎಂಬುದು ಸ್ವಾರಸ್ಯಕರ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಬಡ ಮಕ್ಕಳ ಆಶ್ರಯ ಮನೆ ನಡೆಸುತ್ತಿದ್ದ ಯೋಹಾನ್ ಹಿನ್ರಿಚ್ ವಿಕರ್ನ್ ಎಂಬ ಪಾದ್ರಿ, ಹಳೆಯ ಗಾಡಿ ಚಕ್ರವೊಂದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿಗಳನ್ನು ನಿಲ್ಲಿಸಿ ದಿನಕ್ಕೊಂದನ್ನು ಹೊತ್ತಿಸಿದರು. ಎಣಿಕೆ ಬಾರದ ಮಗುವಿಗೂ ಉಳಿದ ದಿನಗಳು ಕಣ್ಣಿಗೆ ಕಾಣುವಂತಾಯಿತು.

ಎಳೆಯರಿರುವ ಮನೆಯಲ್ಲಿ ದಿನವೂ ಬೆಂಕಿಯ ಆಟ ಬೇಡವೆನ್ನುವವರಿಗೆ ಇನ್ನೊಂದು ಹಳೆಯ ರೂಢಿ ಇದೆ. ಖಾಲಿ ಗೋದಲಿಯನ್ನು ಮೊದಲೇ ಇಟ್ಟು, ಮಗು ಒಳ್ಳೆಯ ಕೆಲಸವೊಂದನ್ನು ಮಾಡಿದಾಗಲೆಲ್ಲ ಅದರಲ್ಲಿ ಒಂದು ಎಳೆ ಹುಲ್ಲು ಹಾಕಿಸುವುದು. ತಂಗಿಗೆ ಆಟಿಕೆ ಬಿಟ್ಟುಕೊಟ್ಟರೆ ಒಂದು ಎಳೆ, ಅಜ್ಜಿಗೆ ನೀರು ತಂದುಕೊಟ್ಟರೆ ಒಂದು ಎಳೆ. ಹುಟ್ಟುವ ಕೂಸಿಗೆ ಹಾಸಿಗೆ ಮೆತ್ತಗಾಗಬೇಕಲ್ಲ! ಯುರೋಪಿನಲ್ಲಿ ಇದಕ್ಕೆ ಒಣಹುಲ್ಲನ್ನು ಹುಡುಕಿ ತರಬೇಕು. ನಮ್ಮಲ್ಲಿ ಡಿಸೆಂಬರ್ ಎಂದರೆ ರಾಗಿ ಹುಲ್ಲಿನ ಮೆದೆ ಮನೆಯ ಹಿಂದೆಯೇ ಇರುತ್ತದೆ. ಆದರೆ ಕೆಟ್ಟ ಕೆಲಸಕ್ಕೆ ಹುಲ್ಲು ತೆಗೆದುಹಾಕುವ ಶಿಕ್ಷೆಯನ್ನು ಮಾತ್ರ ಸೇರಿಸದಿರುವುದು ಲೇಸು. ಆಟ ಅಲ್ಲಿಗೆ ಕೆಡುತ್ತದೆ.

ಗೋದಲಿ ಕಟ್ಟುವ ಕ್ರಮ

ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನು ಕನ್ನಡದಲ್ಲಿ ಗೋದಲಿ ಎನ್ನುತ್ತೇವೆ. ಮನೆಮಾತು ತಮಿಳಾಗಿರುವ ಮಾರ್ಟಳ್ಳಿ ಭಾಗದ ಕುಟುಂಬಗಳಿಗೆ ಅದು ‘ಕುಡಿಲ್’, ಅಂದರೆ ಗುಡಿಸಲು. ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದನ್ನು ನೆನೆದರೆ ಈ ಎರಡು ಹೆಸರುಗಳ ಗುಟ್ಟು ತಿಳಿಯುತ್ತದೆ. ಮನೆಯಲ್ಲಿ ಕುಡಿಲ್ ಎನ್ನುವ ಮಗು ಶಾಲೆಯಲ್ಲಿ ಗೋದಲಿ ಎಂದು ಬರೆಯುತ್ತದೆ. ಹಬ್ಬದ ಹಾಡುಗಳನ್ನೂ ಎರಡೂ ನುಡಿಗಳಲ್ಲಿ ಕಲಿಯುತ್ತದೆ. ತಿದ್ದುವ ಅಗತ್ಯವಿಲ್ಲ.

ಗೋದಲಿಯ ರೂಢಿಯನ್ನು ಆರಂಭಿಸಿದವರು ಸಂತ ಫ್ರಾನ್ಸಿಸ್ ಅಸ್ಸಿಸಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು ತುಂಬಿದ ಗೋದಲಿ, ಜೀವಂತ ಎತ್ತು ಹಾಗೂ ಕತ್ತೆಗಳನ್ನು ತರಿಸಿ ಅವರು ಹಬ್ಬ ಆಚರಿಸಿದರು. ಕುತೂಹಲವೆಂದರೆ ಎತ್ತು–ಕತ್ತೆಗಳ ಉಲ್ಲೇಖ ಸುವಾರ್ತೆಗಳ ಜನನ ಪ್ರಸಂಗದಲ್ಲಿ ಇಲ್ಲ. ಗೋದಲಿ ಮತ್ತು ಕುರುಬರ ಕಥೆ ಬರುವುದು ಲೂಕನಲ್ಲಿ. ನಕ್ಷತ್ರ ಮತ್ತು ಪೂರ್ವದ ಜ್ಞಾನಿಗಳ ಕಥೆ ಬರುವುದು ಮತ್ತಾಯನಲ್ಲಿ. ಜ್ಞಾನಿಗಳು ಮೂವರೆಂದೂ ಮತ್ತಾಯ ಹೇಳಿಲ್ಲ, ಕಾಣಿಕೆ ಮೂರಾದ್ದರಿಂದ ಜನ ಹಾಗೆ ಎಣಿಸಿದರು. ಹೀಗಿರುವಾಗ ಗೋದಲಿಯಲ್ಲಿ ನಮ್ಮ ಮಗು ಒಂದು ಮೇಕೆಯನ್ನೋ, ಆನೆಯನ್ನೋ ತಂದಿಟ್ಟರೆ ಹಿರಿಯರು ಗದರಬೇಕಿಲ್ಲ. ಆನೆ ಈ ಸೀಮೆಯ ನೆರೆಯವನೇ ತಾನೆ.

ಗೋದಲಿಯ ಮುಂದಿನ ಹಸಿರಿಗೆ ರಾಗಿ ಬಿತ್ತುವುದು ಕರ್ನಾಟಕದ ಅನೇಕ ಕ್ರೈಸ್ತ ಮನೆಗಳ ರೂಢಿ. ಮಕ್ಕಳ ಕೈಗೆ ಕೊಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಉತ್ತಮವಾದುದು ಬೇರೆ ಇಲ್ಲವೆಂದೇ ಹೇಳಬೇಕು. ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಹಾಕಿ, ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರಡಿ, ಬೀಜವನ್ನು ಒತ್ತಾಗಿ ಉದುರಿಸಿ ತೆಳುವಾಗಿ ಪುಡಿಮಣ್ಣು ಮುಚ್ಚಬೇಕು. ನೀರನ್ನು ಸುರಿಯಬಾರದು, ಚಿಮುಕಿಸಬೇಕು. ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಸೇರುತ್ತದೆ, ಮಗುವಿನ ಕೈಯಲ್ಲಿ ಚೊಂಬು ಕೊಟ್ಟ ಪ್ರತಿ ಮನೆಯಲ್ಲೂ ಆಗುವುದು ಇದೇ. ಮೂರ್ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ, ಹತ್ತು–ಹನ್ನೆರಡು ದಿನಕ್ಕೆ ಪೈರು ಬೆರಳುದ್ದ ಬರುತ್ತದೆ. ಚಳಿ ಹೆಚ್ಚಿದ್ದರೆ ಬೆಳವಣಿಗೆ ನಿಧಾನವಾಗುವುದರಿಂದ 12–13ನೇ ತಾರೀಖಿನ ಹೊತ್ತಿಗೆ ಬಿತ್ತುವುದು ಕ್ಷೇಮ. ದೂರದ ಹಂಗೇರಿ, ಕ್ರೊಯೇಷಿಯಾ ದೇಶಗಳಲ್ಲಿಯೂ ಡಿಸೆಂಬರ್ 13ರ ಸಂತ ಲೂಸಿಯ ಹಬ್ಬದಂದು ಇದೇ ರೀತಿ ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ. ಅವರದು ಗೋಧಿ, ನಮ್ಮದು ರಾಗಿ, ಅಷ್ಟೇ ವ್ಯತ್ಯಾಸ.

ಬೊಂಬೆಗಳ ವಿಷಯಕ್ಕೆ ಬಂದರೆ, ಅಂಗಡಿಯ ಪ್ಲಾಸ್ಟರ್ ಬೊಂಬೆಗಳು ಎಳೆಯರ ಕೈಯಲ್ಲಿ ಎರಡು ದಿನ ಬಾಳುವುದಿಲ್ಲ. ಕೊಳ್ಳೇಗಾಲದವರಿಗೆ ರೇಷ್ಮೆಯ ಅನುಕೂಲವಿದೆ. ಬಿತ್ತನೆ ಕೋಠಿಗಳಲ್ಲಿ ಚಿಟ್ಟೆ ಹೊರಬಂದ ಮೇಲೆ ಉಳಿಯುವ ತೂತುಬಿದ್ದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಅದೇ ಗೂಡುಗಳನ್ನು ಬಣ್ಣ ಹಾಕಿ ಪೋಣಿಸಿ ಸಭೆಗಳಲ್ಲಿ ಗಣ್ಯರ ಕೊರಳಿಗೆ ಹಾರ ಹಾಕುವುದು ಎಲ್ಲರಿಗೂ ಗೊತ್ತು. ಗೂಡನ್ನು ಅಡ್ಡ ಮಲಗಿಸಿ ನಾಲ್ಕು ಕಡ್ಡಿ ಚುಚ್ಚಿದರೆ ಕುರಿ. ನೆಟ್ಟಗೆ ನಿಲ್ಲಿಸಿ ಬಟ್ಟೆಯ ಚೂರು ಹೊದಿಸಿದರೆ ಕುರುಬ. ಬಿಳಿ ಗೂಡೊಂದನ್ನು ಉದ್ದಕ್ಕೆ ಕತ್ತರಿಸಿದರೆ ತೊಟ್ಟಿಲೂ ಆಯಿತು. ನೇಕಾರರ ಮನೆಯಲ್ಲಿ ರೇಷ್ಮೆ ತುಂಡು ಸಿಕ್ಕರೆ ಜ್ಞಾನಿಗಳಿಗೆ ರಾಜಪೋಷಾಕು.

ಗುಡಿಸಲಿನ ಹಂದರಕ್ಕಾಗಿ ಕಾಡಿಗೆ ಕೈಹಾಕುವ ಅಭ್ಯಾಸ ಮಾತ್ರ ನಿಲ್ಲಬೇಕು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಲೆ ಮಹದೇಶ್ವರ ಬೆಟ್ಟದ ಅರಣ್ಯ 2013ರಲ್ಲಿ ವನ್ಯಧಾಮವಾಯಿತು. ಅಲ್ಲಿಂದ ಬಿದಿರು, ಕೊಂಬೆ, ಪಾಚಿ ತರುವುದು ಕಾನೂನಿಗೆ ವಿರುದ್ಧ. ಬದಲಿಗೆ ಹೊಲದ ಬದುವಿನಲ್ಲಿಯೇ ಬೇಡವೆಂದರೂ ಬೆಳೆಯುವ ಲಂಟಾನದ ಕಡ್ಡಿಗಳಿವೆ. ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದಿಂದ ಕುರ್ಚಿ, ಮೇಜುಗಳನ್ನೇ ಮಾಡುತ್ತಾರೆ. ಒಂದು ಪುಟ್ಟ ಗುಡಿಸಲು ಯಾವ ಲೆಕ್ಕ? ಆದರೆ ಲಂಟಾನದ ಎಲೆ ದನಗಳಿಗೂ ಹಸಿರು ಕಾಯಿ ಮಕ್ಕಳಿಗೂ ವಿಷಕಾರಿ. ಎಲೆ–ಕಾಯಿ ಸವರಿ, ಸಿಪ್ಪೆ ಸುಲಿದ ಒಣಕಡ್ಡಿಯನ್ನಷ್ಟೇ ಮನೆಯೊಳಕ್ಕೆ ತರಬೇಕು.

ಎಣ್ಣೆ, ಬೆಂಕಿ, ಬಟನ್ ಸೆಲ್

ಈ ಭಾಗದ ಹಬ್ಬದ ತಟ್ಟೆಯಲ್ಲಿ ಕೇಕಿಗಿಂತ ಹೆಚ್ಚು ಜಾಗ ಕಜ್ಜಾಯ, ಕರ್ಜಿಕಾಯಿ, ಅಚ್ಚುಮುರುಕ್ಕು, ಕಲ್‌ಕಲ್‌ಗಳಿಗೆ. ಕಲ್‌ಕಲ್ ಸುರುಳಿ ಸುತ್ತುವುದು ಮಕ್ಕಳಿಗೆ ಹೇಳಿಮಾಡಿಸಿದ ಕೆಲಸ. ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟಿನ ಗೋಲಿ ಒತ್ತಿ ಸುತ್ತಿದರೆ ಗೀರಿನ ಶಂಖು ಸಿದ್ಧ. ಸುತ್ತುವುದು ಜಗುಲಿಯಲ್ಲಿ, ಕರಿಯುವುದು ಒಳಗೆ. ನಡುವೆ ಬಾಗಿಲು ಮುಚ್ಚಿರಬೇಕು. ನೆಲದ ಮೇಲಿನ ಒಲೆಯಲ್ಲಿ ಎಣ್ಣೆ ಬಾಂಡ್ಲಿ ಇಡುವ ಮನೆಗಳಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಸುಟ್ಟುಕೊಂಡರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯುವುದೇ ಪ್ರಥಮ ಚಿಕಿತ್ಸೆ. ಟೂತ್‌ಪೇಸ್ಟ್, ಶಾಯಿ, ಹಿಟ್ಟು ಯಾವುದನ್ನೂ ಬಳಿಯಕೂಡದು.

ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪದ ಸಿಹಿ ಕೊಡಬಾರದು. ನಾಲ್ಕೈದು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ, ಗೋಡಂಬಿ ಗಂಟಲಿಗೆ ಸಿಕ್ಕುವ ಭಯವಿದೆ. ಇವು ಬಹುತೇಕರಿಗೆ ಗೊತ್ತು. ಗೊತ್ತಿಲ್ಲದ ಅಪಾಯವೆಂದರೆ ಹಾಡುವ ನಕ್ಷತ್ರ, ಮಿನುಗುವ ಟೋಪಿಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ. ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಬೇಕು. ತಿರುಪು ಹಾಕಿ ಮುಚ್ಚಿದ ಬ್ಯಾಟರಿ ಡಬ್ಬಿ ಇಲ್ಲದ ಆಟಿಕೆಯನ್ನು ಸಂತೆಯಿಂದ ತರದಿರುವುದೇ ಮೇಲು.

ಮಧ್ಯರಾತ್ರಿ ಪೂಜೆಗೆ ಮಕ್ಕಳು ಬೇಕೆ?

ಹಿರಿಯರಿಗೆ ಮಧ್ಯರಾತ್ರಿಯ ಪೂಜೆಯಿಲ್ಲದೆ ಕ್ರಿಸ್‌ಮಸ್ ಇಲ್ಲ. ಅದರಲ್ಲೂ ವೀರಪ್ಪನ್ ಕಾರ್ಯಾಚರಣೆಯ ವರ್ಷಗಳನ್ನು, ಕತ್ತಲಾದ ಮೇಲೆ ಹೊರಬರಲು ಅಂಜುತ್ತಿದ್ದ ಕಾಲವನ್ನು ಕಂಡವರಿಗೆ, 2004ರ ನಂತರ ಮರಳಿ ಸಿಕ್ಕ ರಾತ್ರಿಯ ಸಂಚಾರ ಸಣ್ಣ ಸಂಗತಿಯಲ್ಲ. ಆದರೆ ಇಂದಿಗೂ ಕಾಡಂಚಿನ ದಾರಿಗಳಲ್ಲಿ ಆನೆಗಳು ಮುಸ್ಸಂಜೆಯಿಂದ ನಸುಕಿನವರೆಗೆ ರಸ್ತೆ ದಾಟುತ್ತವೆ. ರಾಗಿ ಮಾಗಿದ ಕಾಲದಲ್ಲಿ ಅವುಗಳ ಓಡಾಟವೂ ಜಾಸ್ತಿ. ನಿದ್ದೆಗಣ್ಣಿನ ಮಗುವನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಆ ದಾರಿಯಲ್ಲಿ ಹೋಗುವುದು ಭಕ್ತಿಯಲ್ಲ, ದುಡುಕು. ಕ್ರಿಸ್‌ಮಸ್‌ಗೆ ರಾತ್ರಿ, ಮುಂಜಾನೆ, ಹಗಲು ಎಂದು ಮೂರು ಪೂಜೆಗಳನ್ನು ಕಥೋಲಿಕ ಸಭೆ ಹಿಂದಿನಿಂದಲೂ ಇಟ್ಟುಕೊಂಡಿದೆ. ಒಂದಕ್ಕಿಂತ ಒಂದು ಕಡಿಮೆಯಲ್ಲ. ಊರಿನಲ್ಲಿಯೇ ಚರ್ಚಿದ್ದವರು ನಡೆದು ಹೋಗಲಿ. ದೂರದ ದೊಡ್ಡಿಗಳವರು ಬೆಳಗಿನ ಪೂಜೆಗೆ ಹೋದರೆ ಏನೂ ತಪ್ಪುವುದಿಲ್ಲ. ರಾತ್ರಿ ಮನೆಯಲ್ಲಿಯೇ ಉಳಿದ ಮಕ್ಕಳಿಗೆ ಖಾಲಿ ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸುವ ಕೆಲಸ ಕೊಡಬಹುದು. ಮನೆಯಲ್ಲಿ ಎಲ್ಲರಿಗಿಂತ ಕಿರಿಯರಿಗೆ ಈ ಹಕ್ಕು ಎಂದು ಮೊದಲೇ ಗೊತ್ತುಪಡಿಸದಿದ್ದರೆ ಜಗಳ ಖಚಿತ.

ಕೊಳ್ಳೇಗಾಲ, ಹನೂರಿಗೆ ಹೋಲಿಸಿದರೆ ಯಳಂದೂರಿನಲ್ಲಿ ಕ್ರೈಸ್ತ ಕುಟುಂಬಗಳು ವಿರಳ. ಬೀದಿಯಲ್ಲಿ ತನ್ನದೊಂದೇ ಮನೆಗೆ ನಕ್ಷತ್ರವಿರುವ ಮಗುವಿಗೆ ಹಬ್ಬ ಬೇರೆಯೇ ಬಗೆಯದು. ಅಂಥ ಕಡೆ ಗೋದಲಿಯನ್ನು ಒಳಕೋಣೆಯಲ್ಲಿ ಕಟ್ಟುವ ಬದಲು ಬೀದಿಗೆ ಕಾಣುವಂತೆ ಕಟ್ಟಿದರೆ ಅಕ್ಕಪಕ್ಕದ ಮಕ್ಕಳು ತಾವಾಗಿಯೇ ಬಂದು ನಿಲ್ಲುತ್ತಾರೆ. ದಸರಾ ಬೊಂಬೆ ನೋಡಲು ಮನೆಮನೆಗೆ ಹೋಗುವ ಊರುಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ತಟ್ಟೆ ಹಂಚುವ ವಿಷಯದಲ್ಲಿ ಒಂದು ನೆನಪು ಈ ಸೀಮೆಯನ್ನು ಬಿಟ್ಟಿಲ್ಲ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಾಲಯದಲ್ಲಿ ಕೀಟನಾಶಕ ಬೆರೆತ ಪ್ರಸಾದ ಸೇವಿಸಿ 17 ಮಂದಿ ಪ್ರಾಣ ಕಳೆದುಕೊಂಡರು. ಕ್ರಿಸ್‌ಮಸ್‌ಗೆ ಆಗ ಹನ್ನೊಂದೇ ದಿನ ಉಳಿದಿತ್ತು. ಕೈಯೊಡ್ಡಿ ಪಡೆಯುವ ತುತ್ತಿನ ಮೇಲಿನ ನಂಬಿಕೆಗೇ ಬಿದ್ದ ಪೆಟ್ಟು ಅದು. ಇಂದು ಪ್ರಾಥಮಿಕ ಶಾಲೆಯ ಕೆಳಗಿನ ತರಗತಿಗಳಲ್ಲಿರುವ ಮಕ್ಕಳು ಆಗ ಹುಟ್ಟಿರಲಿಲ್ಲ, ಇಲ್ಲವೇ ಹಸುಗೂಸುಗಳಾಗಿದ್ದರು. ಅವರ ಕೈಯಲ್ಲಿ ಕಜ್ಜಾಯದ ತಟ್ಟೆ ಕೊಟ್ಟು ಪಕ್ಕದ ಮನೆಗೆ ಕಳಿಸುವಾಗ ಹಿರಿಯರೊಬ್ಬರು ಜೊತೆಗೆ ಹೋಗಿ, ಅಲ್ಲಿಯೇ ಕುಳಿತು ಒಂದನ್ನು ತಾವೂ ಮುರಿದು ತಿಂದು ಬರುವುದು ಒಳ್ಳೆಯದು.

ಹಬ್ಬ 25ಕ್ಕೆ ಮುಗಿಯುವುದಿಲ್ಲ. ಜ್ಞಾನಿಗಳ ಹಬ್ಬ ಜನವರಿ 6ರ ಸುಮಾರಿಗೆ ಬರುತ್ತದೆ. ಅಲ್ಲಿಯವರೆಗೆ ಗೋದಲಿ ಇರುತ್ತದೆ. ರೇಷ್ಮೆ ಹೊದ್ದ ಜ್ಞಾನಿಗಳನ್ನು ಮೊದಲ ದಿನವೇ ಒಳಗಿಡದೆ ಕಿಟಕಿಯ ಬಳಿ ನಿಲ್ಲಿಸಿ, ದಿನಕ್ಕೊಂದು ಗೇಣು ಮುಂದಕ್ಕೆ ನಡೆಸಿದರೆ ಮಕ್ಕಳಿಗೆ ಮತ್ತೆ ಹತ್ತು ದಿನದ ಆಟ. ಹೊಸ ವರ್ಷ ಕಳೆಯುತ್ತಲೇ ಹೊರಗಿನ ದುಡಿಮೆಗೆ ಹೊರಡುವವರು, ಅಂದು ಬೆಳಿಗ್ಗೆ ಜ್ಞಾನಿಗಳನ್ನು ಆ ದಿನದ ಗೇಣು ದೂರ ಮಗುವಿನ ಕೈಯಿಂದಲೇ ಸರಿಸಿಸಿ ಹೊರಟರೆ, ಮಾರನೆಯ ದಿನ ಅದನ್ನು ಸರಿಸಲು ಅಜ್ಜಿ ಇರುತ್ತಾರೆ. ಅಷ್ಟರಲ್ಲಿ ತಟ್ಟೆಯ ರಾಗಿ ಹಳದಿಗೆ ತಿರುಗಿರುತ್ತದೆ. ಅದನ್ನು ಬೇರುಸಮೇತ ಕಿತ್ತು ಕೊಟ್ಟಿಗೆಯ ಹಸುವಿಗೆ ಹಾಕುವುದು ವಾಡಿಕೆ.