ಸೇತುವೆಯೂ ಕಾಲ್ದಾರಿಯೂ

ತುಮಕೂರು ನಗರದ ನಡುವೆ ನದಿ ಹರಿಯುವುದಿಲ್ಲ. ಆದಕಾರಣ ಸೇತುವೆಯ ವಿಚಾರವು ನಮಗೇತಕ್ಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ ನಮ್ಮ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನೂ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನೂ ತುಂಬಿ, ಮುಂದೆ ಕಾವೇರಿಯನ್ನು ಸೇರುತ್ತದೆ. ಹಳ್ಳಕೊಳ್ಳಗಳನ್ನು ದಾಟಿಯೇ ಪಾಠಶಾಲೆಗೆ ಬರಬೇಕಾದ ಬಾಲಿಕೆಯರಿಗೆ ಸೇತುವೆಯೆಂಬುದು ದಿನನಿತ್ಯದ ವಿಷಯವೇ ಸರಿ.

ಹಳೆಯ ಸೇತುವೆಗಳ ರೀತಿಯನ್ನು ತಿಳಿಯಬೇಕಾದರೆ, ಅದೇ ಕಾವೇರಿಗೆ ಶ್ರೀರಂಗಪಟ್ಟಣದಲ್ಲಿ ಕಟ್ಟಿರುವ ವೆಲ್ಲೆಸ್ಲಿ ಸೇತುವೆಯನ್ನು ನೋಡಬೇಕು. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಇದು 1804ರಲ್ಲಿ ಮುಗಿಯಿತು. ಆಗಿನ ಗವರ್ನರ್ ಜನರಲ್ಲರ ಹೆಸರನ್ನು ಇದಕ್ಕಿಟ್ಟರು. ನದಿಯ ತಳದ ಬಂಡೆಯಲ್ಲಿ ಕಲ್ಲುಕಂಬಗಳನ್ನು ನಿಲ್ಲಿಸಿ, ಅವುಗಳ ತಲೆಯ ಮೇಲೆ ಬೋದಿಗೆಗಳನ್ನಿಟ್ಟು, ಅದರ ಮೇಲೆ ಉದ್ದನೆಯ ಕಲ್ಲುತೊಲೆಗಳನ್ನು ಹಾಸಿದ್ದಾರೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುವುದು, ಬಾಗಿಸಿದರೆ ಬಿರಿಯುವುದು. ಬೋದಿಗೆಯು ಎರಡು ಕಂಬಗಳ ನಡುವಣ ತೆರಪನ್ನು ಕಿರಿದುಮಾಡಿ ತೊಲೆಯನ್ನು ಕಾಪಾಡುತ್ತದೆ. ನಮ್ಮ ದೇವಾಲಯಗಳ ಮಂಟಪವನ್ನು ಕಟ್ಟಿದ ಶಿಲ್ಪಿಗಳ ಉಪಾಯವೇ ಇದು. 1924ರ ಮಹಾಪ್ರವಾಹವೂ ಈ ಸೇತುವೆಯನ್ನು ಕೊಚ್ಚಿಕೊಂಡು ಹೋಗಲಿಲ್ಲ.

ಆ ಕಾಲದಲ್ಲಿ ಎತ್ತಿನ ಬಂಡಿಯೂ ನಡೆಯುವವನೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗುತ್ತಿದ್ದುದರಿಂದ ಎಲ್ಲರಿಗೂ ಒಂದೇ ದಾರಿ ಸಾಕಾಗಿತ್ತು. ಮೋಟಾರುಗಳು ಬಂದ ಮೇಲೆ ಹಾಗಿಲ್ಲ. ಬಯಲಿನ ರಸ್ತೆಯಲ್ಲಾದರೆ ಲಾರಿಯನ್ನು ಕಂಡು ಪಕ್ಕದ ಮಣ್ಣಿಗೆ ಇಳಿಯಬಹುದು. ಸೇತುವೆಯ ಮೇಲೆ ಇಳಿಯುವುದೆಲ್ಲಿಗೆ? ಆದ್ದರಿಂದಲೇ ಸೇತುವೆಯ ಕಾಲ್ದಾರಿಯು 1.5 ಮೀಟರಿಗೆ ಕಡಿಮೆಯಿರಬಾರದೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯು ಹೇಳುತ್ತದೆ. ಇಬ್ಬರು ಎದುರುಬದುರಾಗಿ ದಾಟಲು ಇದು ಸಾಕು, ಬೈಸಿಕಲ್ಲೂ ಬಂದರೆ ಸಾಲದು.

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಡಲಾರಂಭಿಸಿತು. ದೂರದ ಹಳ್ಳಿಗಳ ಹುಡುಗಿಯರಿಗೆ ಇದು ದೊಡ್ಡ ಉಪಕಾರವೆಂದು ನಾವು ಎಣಿಸುತ್ತೇವೆ. ಆದರೆ ಸೈಕಲ್ಲು ಬಂದಷ್ಟು ಬೇಗನೆ ಅದಕ್ಕೆ ದಾರಿ ಬರಲಿಲ್ಲ. ಶಿವಮೊಗ್ಗೆಯಲ್ಲಿ ತುಂಗೆಯ ದಡದುದ್ದಕ್ಕೂ ನಡೆಯಲೂ ಸೈಕಲ್ ತುಳಿಯಲೂ ದಾರಿಗಳನ್ನು ಮಾಡಿದ್ದಾರೆ, ಸಂತೋಷ; ಆದರೆ ದಡದ ದಾರಿಯು ಮುಖ್ಯವಾಗಿ ವಿಹಾರಕ್ಕೆ ಒದಗುವುದು. ಶಾಲೆಯು ಆಚೆಯ ದಡದಲ್ಲಿದ್ದರೆ ಬೇಕಾದುದು ಸೇತುವೆಯ ಮೇಲಣ ದಾರಿ.

ಅದರಲ್ಲಿಯೂ ಸಣ್ಣ ವಿಷಯಗಳೇ ಹೆಚ್ಚು ಮುಖ್ಯ. ಸೈಕಲ್ಲಿನ ಮೇಲೆ ಕುಳಿತವಳು ನಡೆಯುವವಳಿಗಿಂತ ಎತ್ತರದಲ್ಲಿರುವಳಾದ್ದರಿಂದ ಕಟಕಟೆಯು ಆ ಎತ್ತರಕ್ಕೆ ತಕ್ಕಂತಿರಬೇಕು. ನೀರು ಇಳಿಯುವ ಜಾಲರಿಯ ಕಂಬಿಗಳು ದಾರಿಗೆ ಅಡ್ಡವಾಗಿರಬೇಕು. ಉದ್ದಕ್ಕಿದ್ದರೆ ಕಿರಿದಾದ ಚಕ್ರವು ಸಂದಿನಲ್ಲಿ ಸಿಕ್ಕಿಬೀಳುವುದು. ನಕ್ಷೆ ಬರೆಯುವಾಗಲೇ ಇವುಗಳನ್ನೆಲ್ಲ ಸೇರಿಸುವುದು ಸುಲಭ. ಕಟ್ಟಿ ಮುಗಿದ ಸೇತುವೆಯನ್ನು ಅಗಲಮಾಡಬೇಕಾದರೆ ಮತ್ತೆ ನದಿಗಿಳಿದು ಕಂಬದಿಂದಲೇ ತೊಡಗಬೇಕಾದೀತು.