ವೀಡಿಯೊ ಕರೆಯಲ್ಲಿ ನಿಮ್ಮ ಸ್ವರ ಕೇಳದಿದ್ದರೆ ಏನು ಮಾಡಬೇಕು?



2024ರ ಜುಲೈ ತಿಂಗಳಲ್ಲಿ ಮಳೆ ಬಿಡದೆ ಸುರಿಯುತ್ತಿದ್ದುದರಿಂದ ನಮ್ಮ ಒಂದು ಒಕ್ಕೂಟದ ಮಾಸಿಕ ಸಭೆಯನ್ನು ವೀಡಿಯೊ ಕರೆಯಲ್ಲಿ ನಡೆಸಿದೆವು. ಹದಿನಾಲ್ಕು ಸಂಘಗಳ ಪ್ರತಿನಿಧಿಗಳು ಅವರವರ ಮನೆಯಿಂದಲೇ ಸೇರಿದ್ದರು. ಒಕ್ಕೂಟದ ನಿಧಿಯಿಂದ ಕೊಡುವ ಸಾಲದ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ 1 ರೂಪಾಯಿಯಿಂದ 1 ರೂಪಾಯಿ 50 ಪೈಸೆಗೆ ಏರಿಸುವ ವಿಷಯ ಬಂತು. ಆಗ ಒಬ್ಬ ಅಕ್ಕ ಕೈ ಎತ್ತಿ ಏನೋ ಹೇಳುತ್ತಿದ್ದರು. ಬಾಯಿ ಆಡುವುದು ಕಾಣ್ತಿತ್ತು, ಸ್ವರ ಇಲ್ಲ. "ಅವರಿಗೆ ನೆಟ್‌ವರ್ಕ್ ಇಲ್ಲ ಕಾಣ್ತದೆ" ಎಂದು ಯಾರೋ ಹೇಳಿದರು. ಸಭೆ ಮುಂದೆ ಹೋಯಿತು. ನಿರ್ಣಯ ಪುಸ್ತಕದಲ್ಲಿ "ಸರ್ವಾನುಮತದಿಂದ ಒಪ್ಪಲಾಯಿತು" ಎಂದು ಬರೆದೆವು.

ನಾಲ್ಕು ದಿನ ಕಳೆದು ಆ ಅಕ್ಕ ಕೊಡೆ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದರು. "ನಾನು ಬೇಡ ಅಂತ ಮೂರು ಸಲ ಹೇಳಿದ್ದೇನೆ. ಎಲ್ಲರೂ ಒಪ್ಪಿದ್ದಾರೆ ಅಂತ ನೀವು ಬರೆದದ್ದು ಹೇಗೆ?" ಎಂದು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಅವರ ಸಂಘದಲ್ಲಿ ಆರು ಮಂದಿ ಬೀಡಿ ಕಟ್ಟುವವರು ಒಕ್ಕೂಟದ ಸಾಲ ತೆಗೆದುಕೊಂಡಿದ್ದಾರೆ. 20,000 ರೂಪಾಯಿ ಸಾಲ ಬಾಕಿ ಇದ್ದವಳಿಗೆ ಅರ್ಧ ರೂಪಾಯಿ ಬಡ್ಡಿ ಏರಿದರೆ ತಿಂಗಳಿಗೆ 100 ರೂಪಾಯಿ ಹೆಚ್ಚು. ಅವರಿಗೆ ಅದು ಸಣ್ಣ ಮೊತ್ತವಲ್ಲ.

ಅವರ ಫೋನನ್ನು ನೋಡಿದೆವು. ನೆಟ್‌ವರ್ಕ್ ಸರಿ ಇತ್ತು, ಮೈಕ್ ಕೂಡ ಸರಿ ಇತ್ತು. ಸಭೆಯ ಆ್ಯಪ್‌ಗೆ ಮೈಕ್ ಬಳಸಲು ಅನುಮತಿಯೇ ಇರಲಿಲ್ಲ. ಮೊದಲ ಸಲ ಆ್ಯಪ್ ಅನುಮತಿ ಕೇಳಿದಾಗ ಅವರು "ಬೇಡ" ಎಂದು ಒತ್ತಿದ್ದರು. ಯಾಕೆ ಅಂತ ಕೇಳಿದರೆ, "ನೀವೇ ಅಲ್ವಾ ತರಬೇತಿಯಲ್ಲಿ ಹೇಳಿದ್ದು, ಫೋನು ಎಂತ ಕೇಳಿದರೂ ಒಪ್ಪಿಗೆ ಒತ್ತಬೇಡಿ ಅಂತ?" ಎಂದರು. ಹೌದು, ನಾವೇ ಹೇಳಿದ್ದು. ಸಾಲದ ಆ್ಯಪ್‌ಗಳ ಕಾಟ ಜಾಸ್ತಿಯಾದಾಗ ಹಾಗೆ ಹೇಳಿದ್ದೆವು. ಅರ್ಧ ಮಾತು ಹೇಳಿ ಉಳಿದ ಅರ್ಧ ಹೇಳದೇ ಇದ್ದದ್ದು ನಮ್ಮ ತಪ್ಪು. ಆ ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ.

ನೆಟ್‌ವರ್ಕಿನ ಮೇಲೆ ಹಾಕುವ ಮುಂಚೆ

ನಮ್ಮಲ್ಲಿ ಏನಾದರೂ "ನೆಟ್‌ವರ್ಕ್ ಇಲ್ಲ" ಎಂದು ಹೇಳಿ ಕೈ ತೊಳೆದುಕೊಳ್ಳುವ ಅಭ್ಯಾಸ ಆಗಿಬಿಟ್ಟಿದೆ. ಆದರೆ ಒಂದು ವಿಷಯ ಗಮನಿಸಿ. ಕರೆಯಲ್ಲಿ ಚಿತ್ರಕ್ಕೆ ಬೇಕಾಗುವ ಡೇಟಾ ಸ್ವರಕ್ಕೆ ಬೇಕಾಗುವುದಕ್ಕಿಂತ ಬಹಳ ಹೆಚ್ಚು. ನೆಟ್‌ವರ್ಕ್ ಕಮ್ಮಿಯಾದರೆ ಸಾಮಾನ್ಯವಾಗಿ ಮೊದಲು ಚಿತ್ರ ಕೆಡುತ್ತದೆ: ಮುಖ ನಿಂತಲ್ಲೇ ನಿಲ್ಲುತ್ತದೆ, ಚೌಕ ಚೌಕ ಆಗುತ್ತದೆ. ಮಾತು ತುಂಡು ತುಂಡಾಗಿ ಬರುತ್ತದೆ. ಹಾಗಾದಾಗ ನಿಮ್ಮ ಕ್ಯಾಮೆರಾ ಮುಚ್ಚಿ ಬರೀ ಮಾತಿನಲ್ಲಿ ಸೇರಿದರೆ ಸಾಕು, ಸ್ವರ ಸುಧಾರಿಸುತ್ತದೆ. ಆದರೆ ಮುಖ ಚಂದ ಕಾಣ್ತಾ ಇದ್ದು, ಬಾಯಿ ಆಡ್ತಾ ಇದ್ದು, ಮಾತು ಒಂದೂ ಕೇಳದಿದ್ದರೆ ಅದು ನೆಟ್‌ವರ್ಕಿನ ದೋಷ ಅಲ್ಲ. ಮೈಕಿನ ಕಡೆ ನೋಡಬೇಕು.

ನೋಡುವುದು ಹೇಗೆ? ಕರೆ ಮುಗಿಸಿ. ಫೋನಿನಲ್ಲಿ ಧ್ವನಿ ಮುದ್ರಿಸುವ ರೆಕಾರ್ಡರ್ ಇರುತ್ತದೆ, ಅದರಲ್ಲಿ ನಾಲ್ಕು ಮಾತು ಹೇಳಿ, ತಿರುಗಿ ಕೇಳಿ. ಸ್ವರ ಸ್ಪಷ್ಟ ಇದ್ದರೆ ನಿಮ್ಮ ಫೋನಿನ ಮೈಕ್ ಒಳ್ಳೆಯದೇ ಇದೆ. ರಿಪೇರಿಯ ಅಂಗಡಿಗೆ ದುಡ್ಡು ಕೊಡಬೇಡಿ. ದೋಷ ಆ್ಯಪ್‌ನಲ್ಲೋ ಕರೆಯಲ್ಲೋ ಇದೆ. ರೆಕಾರ್ಡರಿನಲ್ಲಿಯೂ ಸ್ವರ ಬಾರದಿದ್ದರೆ ಅಥವಾ ಬಾವಿಯೊಳಗಿಂದ ಬಂದ ಹಾಗೆ ಇದ್ದರೆ ಫೋನನ್ನೇ ನೋಡಬೇಕು.

ಮೈಕ್ ಒಳ್ಳೆಯದಿದ್ದರೆ

ಎಲ್ಲಕ್ಕಿಂತ ಸಾಮಾನ್ಯ ಕಾರಣ, ಕರೆಯ ಪರದೆಯಲ್ಲಿ ಮೈಕಿನ ಚಿತ್ರಕ್ಕೆ ಅಡ್ಡಗೆರೆ ಬಿದ್ದಿರುವುದು. ಅದನ್ನು ಒಮ್ಮೆ ಒತ್ತಿದರೆ ಗೆರೆ ಹೋಗುತ್ತದೆ. ಗೂಗಲ್ ಮೀಟ್‌ನಲ್ಲಿ ಐದು ಮಂದಿ ಸೇರಿದ ನಂತರ ಬರುವವರ ಮೈಕ್ ತಾನಾಗಿಯೇ ಮುಚ್ಚಿರುತ್ತದೆ, ಅದಕ್ಕೇ ತಡವಾಗಿ ಸೇರಿದವರ ಮಾತು ಕೇಳುವುದಿಲ್ಲ. ಝೂಮ್‌ನಲ್ಲಿ ಸಭೆ ನಡೆಸುವವರು ಎಲ್ಲರ ಮೈಕ್ ಮುಚ್ಚಬಹುದು. ಆಮೇಲೆ ಅವರು ತೆರೆಯಲು ಹೇಳಿದಾಗ ನಿಮ್ಮ ಪರದೆಯಲ್ಲಿ ಒಂದು ಪ್ರಶ್ನೆ ಬರುತ್ತದೆ. ಅದಕ್ಕೆ ನೀವು ಒಪ್ಪಿಗೆ ಒತ್ತಬೇಕು, ಇಲ್ಲದಿದ್ದರೆ ಮೈಕ್ ಮುಚ್ಚಿಯೇ ಇರುತ್ತದೆ. ಝೂಮ್‌ನಲ್ಲಿ ಇನ್ನೊಂದು ತೊಡಕು ಉಂಟು. ಸಭೆಗೆ ಸೇರುವಾಗ ಸ್ವರಕ್ಕೆ ಬೇರೆಯಾಗಿ ಸೇರಬೇಕು. "ವೈಫೈ ಅಥವಾ ಸೆಲ್ಯುಲರ್ ಡೇಟಾ" ಎಂಬುದನ್ನು ಒತ್ತದೆ ಬಿಟ್ಟರೆ ನಿಮಗೂ ಕೇಳುವುದಿಲ್ಲ, ನಿಮ್ಮದೂ ಕೇಳುವುದಿಲ್ಲ. ಎರಡೂ ಕಡೆ ಮೌನ ಇದ್ದರೆ ಮೊದಲು ಇದನ್ನೇ ನೋಡಿ.

ಎರಡನೆಯದು ಅನುಮತಿ, ಆ ಅಕ್ಕನಿಗೆ ಆದದ್ದು. ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್‌ನ ಚಿತ್ರದ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. "ಆ್ಯಪ್ ಮಾಹಿತಿ" ಎಂದು ಬರುತ್ತದೆ, ಕೆಲವು ಫೋನಿನಲ್ಲಿ ವೃತ್ತದೊಳಗೆ "ಐ" ಅಕ್ಷರ. ಅದನ್ನು ಒತ್ತಿ "ಅನುಮತಿಗಳು", ಅದರಲ್ಲಿ "ಮೈಕ್ರೋಫೋನ್". ಅಲ್ಲಿ "ಆ್ಯಪ್ ಬಳಸುವಾಗ ಮಾತ್ರ" ಎಂಬುದನ್ನು ಆರಿಸಿ. ಫೋನಿನ ಕಂಪೆನಿಗೆ ತಕ್ಕ ಹಾಗೆ ಮಾತು ಸ್ವಲ್ಪ ಬೇರೆ ಇರಬಹುದು, ದಾರಿ ಇದೇ. ಐಫೋನಿನಲ್ಲಿ ಸೆಟ್ಟಿಂಗ್ಸ್ ಒಳಗೆ ಖಾಸಗಿತನದ ವಿಭಾಗ, ಅದರೊಳಗೆ ಮೈಕ್ರೋಫೋನ್. ಆಂಡ್ರಾಯ್ಡ್ 11 ಬಂದ ಮೇಲೆ ಎರಡು ಸಲ "ಬೇಡ" ಎಂದರೆ ಆ್ಯಪ್ ಮೂರನೇ ಸಲ ಕೇಳುವುದೇ ಇಲ್ಲ. ಕೆಲವು ತಿಂಗಳು ತೆರೆಯದ ಆ್ಯಪ್‌ನ ಅನುಮತಿಯನ್ನು ಫೋನೇ ವಾಪಸು ತೆಗೆಯುತ್ತದೆ. ಹಾಗಾಗಿ "ಕಳೆದ ವರ್ಷ ಸರಿ ಇತ್ತು, ಈಗ ಎಂತಾಯ್ತು?" ಎಂದರೆ ಇದೂ ಒಂದು ಕಾರಣ ಆಗಿರಬಹುದು.

ಅನುಮತಿ ಕೊಡುವುದಕ್ಕೆ ಹೆದರಿಕೆ ಇದ್ದರೆ ಹೀಗೆ ಯೋಚಿಸಿ: ಈ ಆ್ಯಪ್‌ನ ಕೆಲಸಕ್ಕೆ ಇದು ಬೇಕಾ? ಮಾತನಾಡುವ ಆ್ಯಪ್‌ಗೆ ಮೈಕ್ ಬೇಕೇ ಬೇಕು. ಟಾರ್ಚಿನ ಆ್ಯಪ್‌ಗೆ ಮೈಕ್ ಯಾಕೆ? ಸಾಲದ ಆ್ಯಪ್‌ಗೆ ನಿಮ್ಮ ನೆಂಟರ ನಂಬರು ಯಾಕೆ? ರಿಸರ್ವ್ ಬ್ಯಾಂಕಿನ 2022ರ ಮಾರ್ಗಸೂಚಿಯಲ್ಲಿಯೇ, ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಕರೆಗಳ ಪಟ್ಟಿ ನೋಡಬಾರದು ಎಂದು ಹೇಳಿದೆ. ಅಂಥವಕ್ಕೆ "ಬೇಡ" ಒತ್ತಿದ್ದು ಸರಿಯೇ. ಆಂಡ್ರಾಯ್ಡ್ 12 ಮತ್ತು ಅದರ ನಂತರದ ಫೋನುಗಳಲ್ಲಿ ಯಾವುದಾದರೂ ಆ್ಯಪ್ ಮೈಕ್ ಬಳಸುವಾಗ ಪರದೆಯ ಮೇಲಿನ ಮೂಲೆಯಲ್ಲಿ ಹಸಿರು ಗುರುತು ಕಾಣುತ್ತದೆ, ಐಫೋನಿನಲ್ಲಿ ಕಿತ್ತಳೆ ಬಣ್ಣದ ಚುಕ್ಕಿ. ಕರೆ ಇಲ್ಲದಾಗ ಅದು ಕಂಡರೆ ಯಾವ ಆ್ಯಪ್ ಎಂದು ಹುಡುಕಿ.

ಮೂರನೆಯದನ್ನು ಕೇಳಿದರೆ ನಗು ಬರಬಹುದು. ಮಗನ ಕಿವಿಗೆ ಹಾಕುವ ಬ್ಲೂಟೂತ್ ನಿಮ್ಮ ಫೋನಿಗೆ ಒಮ್ಮೆ ಜೋಡಿಸಿದ್ದರೆ, ಅವನು ಪಕ್ಕದ ಕೋಣೆಯಲ್ಲಿ ಅದನ್ನು ತೆರೆದ ಕೂಡಲೇ ನಿಮ್ಮ ಕರೆ ಅದಕ್ಕೆ ಹೋಗಬಹುದು. ಆಗ ನೀವು ಇಲ್ಲಿ ಮಾತಾಡ್ತಾ ಇರ್ತೀರಿ, ಸಭೆಗೆ ಕೇಳುವುದು ಅವನ ಕೋಣೆಯ ಫ್ಯಾನಿನ ಶಬ್ದ. ಬ್ಲೂಟೂತ್ ಮುಚ್ಚಿದರೆ ಮುಗಿಯಿತು. ವಯರಿನ ಇಯರ್‌ಫೋನ್ ಇದ್ದರೆ ಅದರ ಪಿನ್ನಿನ ಕಪ್ಪು ಗೆರೆಗಳನ್ನು ಎಣಿಸಿ. ಮೂರು ಗೆರೆ ಇದ್ದರೆ ಅದಕ್ಕೆ ಮೈಕ್ ಇರುತ್ತದೆ, ಎರಡೇ ಇದ್ದರೆ ಬರೀ ಕೇಳುವುದಕ್ಕೆ ಮಾತ್ರ. ಮೈಕ್ ಇರುವಂಥದ್ದರಲ್ಲಿ ವಯರಿನ ಮೇಲಿನ ಸಣ್ಣ ಗುಂಡಿಯ ಹತ್ತಿರವೇ ಮೈಕ್ ಇರುತ್ತದೆ. ಅದು ಸೆರಗಿನೊಳಗೆ ಸಿಕ್ಕಿಕೊಂಡರೆ ಬಟ್ಟೆ ಉಜ್ಜುವ ಶಬ್ದ ಎಲ್ಲರಿಗೂ ಕೇಳುತ್ತದೆ.

ರೆಕಾರ್ಡರಿನಲ್ಲಿಯೂ ಸ್ವರ ಬಾರದಿದ್ದರೆ

ಹಾಳಾಗಿದೆ ಎಂದು ತೀರ್ಮಾನಿಸುವ ಮೊದಲು ಒಂದು ನೋಡಬೇಕು. ಆಂಡ್ರಾಯ್ಡ್ 12ರ ನಂತರದ ಫೋನುಗಳಲ್ಲಿ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದಾಗ ಬರುವ ಗುಂಡಿಗಳಲ್ಲಿ "ಮೈಕ್ ಪ್ರವೇಶ" ಎಂಬುದು ಇರಬಹುದು. ಅದನ್ನು ಗೊತ್ತಿಲ್ಲದೆ ಮುಟ್ಟಿದ್ದರೆ ಎಲ್ಲ ಆ್ಯಪ್‌ಗಳ ಮೈಕ್ ಒಟ್ಟಿಗೆ ಬಂದ್. ಮಕ್ಕಳ ಕೈಗೆ ಫೋನು ಕೊಟ್ಟ ಮನೆಯಲ್ಲಿ ಇದು ಆಗ್ತಾ ಇರ್ತದೆ.

ಅದಲ್ಲದಿದ್ದರೆ ಫೋನನ್ನು ತಿರುಗಿಸಿ ಅದರ ಕೆಳ ಅಂಚನ್ನು ನೋಡಿ. ಚಾರ್ಜರ್ ಹಾಕುವ ಜಾಗದ ಪಕ್ಕದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತು ಇರುತ್ತದೆ. ಅದೇ ಮುಖ್ಯ ಮೈಕ್. ಮೇಲಂಚಿನಲ್ಲಿಯೋ ಕ್ಯಾಮೆರಾದ ಹತ್ತಿರವೋ ಇನ್ನೊಂದು ಇರುವುದುಂಟು, ಅದು ಸುತ್ತಲಿನ ಗಲಾಟೆ ಕಡಿಮೆ ಮಾಡಲು. ಹಿಟ್ಟು ನಾದುವ ಕೈ, ಬೀಡಿ ಸೊಪ್ಪಿನ ಪುಡಿ, ಅಡಿಗೆಮನೆಯ ಎಣ್ಣೆ ಜಿಡ್ಡು, ಎಲ್ಲವೂ ಆ ತೂತನ್ನು ಮುಚ್ಚುತ್ತದೆ. ಸರಿಯಾಗಿ ಕೂರದ ಕವರ್ ಕೂಡ ಮುಚ್ಚುತ್ತದೆ. ಮೊದಲು ಕವರ್ ತೆಗೆದು ಮಾತಾಡಿ ನೋಡಿ. ಆಮೇಲೆ ಒಣಗಿದ, ಮೆತ್ತಗಿನ ಹೊಸ ಟೂತ್ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ.

ಪಿನ್ನು, ಸೂಜಿ, ಕೂದಲಿನ ಕ್ಲಿಪ್ಪು ಹಾಕಲೇಬೇಡಿ. ಸಿಮ್ ತೆಗೆಯುವ ತೂತು ಎಂದು ತಿಳಿದು ಮೈಕಿನ ತೂತಿಗೆ ಪಿನ್ನು ಚುಚ್ಚಿ ಹಾಳು ಮಾಡಿಕೊಂಡವರು ನಮ್ಮ ಸದಸ್ಯೆಯರಲ್ಲಿಯೇ ಇದ್ದಾರೆ. ಸಿಮ್ಮಿನ ತೂತಿನ ಪಕ್ಕದಲ್ಲಿ ಉದ್ದದ ತಟ್ಟೆಯ ಗೆರೆ ಕಾಣುತ್ತದೆ, ಮೈಕಿನ ತೂತಿಗೆ ಗೆರೆ ಇಲ್ಲ.

ಮಳೆಯಲ್ಲಿ ಒದ್ದೆಯಾದರೆ ಫೋನು ಆಫ್ ಮಾಡಿ, ಒರೆಸಿ, ಚಾರ್ಜಿಗೆ ಹಾಕದೆ ಗಾಳಿಯಲ್ಲಿ ಒಣಗಲು ಬಿಡಿ. ಒಲೆಯ ಹತ್ತಿರ ಇಡಬೇಡಿ. ಅಕ್ಕಿಯ ಡಬ್ಬಿಯಲ್ಲಿ ಹೂಳುವ ಪದ್ಧತಿಯನ್ನೂ ಬಿಡಿ. ಅಕ್ಕಿಯ ನುಚ್ಚು ಒಳಗೆ ಹೋಗಿ ಹಾಳಾಗಬಹುದೆಂದು ಆ್ಯಪಲ್ ಕಂಪೆನಿಯೇ 2024ರಲ್ಲಿ ತನ್ನ ಗ್ರಾಹಕರಿಗೆ ಹೇಳಿದೆ. ಇಷ್ಟೆಲ್ಲ ಆಗಿಯೂ ಸ್ವರ ಬಾರದಿದ್ದರೆ ಅಂಗಡಿಗೆ ಹೋಗಿ.

ಕೀಂ ಎಂದು ಕೂಗಿದರೆ

ಒಂದೇ ಕೋಣೆಯಲ್ಲಿ ಇಬ್ಬರು ಎರಡು ಫೋನಿನಿಂದ ಅದೇ ಸಭೆಗೆ ಸೇರಿದರೆ ಒಂದರ ಸ್ಪೀಕರಿನ ಸ್ವರ ಇನ್ನೊಂದರ ಮೈಕಿಗೆ ಹೋಗಿ ಸುತ್ತುತ್ತದೆ, ಕೀಂ ಎಂದು ಕೂಗುತ್ತದೆ. ಒಂದು ಫೋನಿನ ಮೈಕ್ ಮತ್ತು ಸ್ವರ ಎರಡನ್ನೂ ಮುಚ್ಚಿ, ಇಬ್ಬರೂ ಒಂದರಿಂದಲೇ ಮಾತಾಡಿ.

ಸರಿ ಮಾಡಿ ಕೊಡ್ತೇನೆ ಎನ್ನುವವರು

ಗುರುತಿಲ್ಲದವರು ಕರೆ ಮಾಡಿ, "ನಿಮ್ಮ ಸ್ವರ ಕೇಳ್ತಿಲ್ಲ, ನಾನು ಹೇಳಿದ ಆ್ಯಪ್ ಹಾಕಿ" ಎಂದೋ "ಪರದೆ ಹಂಚಿ" ಎಂದೋ ಹೇಳಿದರೆ ಕೂಡಲೇ ಕರೆ ಕಟ್ ಮಾಡಿ. ಮೈಕ್ ಸರಿ ಮಾಡಲು ನಿಮ್ಮ ಪರದೆ ಯಾರಿಗೂ ಕಾಣಬೇಕಾಗಿಲ್ಲ. ವಾಟ್ಸ್ಯಾಪ್ ಕರೆಯಲ್ಲಿಯೇ ಪರದೆ ತೋರಿಸುವ ಸೌಲಭ್ಯ 2023ರಿಂದ ಉಂಟು, ಅದನ್ನು ಒತ್ತಿದರೆ ಬ್ಯಾಂಕಿನಿಂದ ಬರುವ ಓಟಿಪಿ ಅವರಿಗೂ ಕಾಣುತ್ತದೆ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆ ಪಟ್ಟುಕೊಂಡು ಮನೆಯಲ್ಲಿ ಮುಚ್ಚಿಡಬೇಡಿ.

ಈಗ ನಮ್ಮ ಒಕ್ಕೂಟದ ಸಭೆ

ಆ ಅಕ್ಕ ಬಂದು ಹೋದ ಮೇಲೆ ವೀಡಿಯೊ ಸಭೆಯ ಕ್ರಮವನ್ನು ಬದಲಿಸಿದ್ದೇವೆ. ಸಭೆಗೆ ಕಾಲು ಗಂಟೆ ಮುಂಚೆ ಕರೆ ತೆರೆಯುತ್ತೇವೆ. ಹಾಜರಿ ಕರೆಯುವಾಗ ಪ್ರತಿಯೊಬ್ಬರೂ ತಮ್ಮ ಸಂಘದ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಕೈ ಬೀಸಿದರೆ ಹಾಜರಿ ಇಲ್ಲ. ಸ್ವರ ಬಾರದವರಿಗೆ ಸಾಮಾನ್ಯ ಕರೆ ಮಾಡಿ ಆ ಫೋನನ್ನು ಸ್ಪೀಕರಿನಲ್ಲಿ ನಮ್ಮ ಲ್ಯಾಪ್‌ಟಾಪಿನ ಹತ್ತಿರ ಹಿಡಿಯುತ್ತೇವೆ. ಆಗ ಅವರು ವೀಡಿಯೊ ಕರೆಯಿಂದ ಹೊರಗೆ ಬರಬೇಕು, ಇಲ್ಲವಾದರೆ ಅದೇ ಕೀಂ ಶಬ್ದ. ಹಣದ ವಿಷಯದ ನಿರ್ಣಯಕ್ಕೆ ಒಬ್ಬೊಬ್ಬರ ಹೆಸರು ಕರೆದು "ಒಪ್ಪಿಗೆ" ಅಥವಾ "ಬೇಡ" ಎಂದು ಕೇಳಿ ಬರೆದುಕೊಳ್ಳುತ್ತೇವೆ. ಸಭೆ ಸ್ವಲ್ಪ ಉದ್ದ ಆಗ್ತದೆ ಎಂದು ಕೆಲವರು ಗೊಣಗಿದ್ದಾರೆ, ಗೊಣಗಲಿ.

ಬಡ್ಡಿಯ ನಿರ್ಣಯವನ್ನು ಆಗಸ್ಟ್ ಸಭೆಗೆ ಪುನಃ ತಂದೆವು. ಆ ಅಕ್ಕ ತಮ್ಮ ಮಾತು ಹೇಳಿದರು, ಇನ್ನೂ ನಾಲ್ಕು ಸಂಘದವರು ಅವರ ಜೊತೆ ಸೇರಿದರು. ಈಗಾಗಲೇ ಕೊಟ್ಟ ಸಾಲಕ್ಕೆ ಹಳೆಯ ಬಡ್ಡಿಯೇ, ಹೊಸ ಸಾಲಕ್ಕೆ ಮಾತ್ರ 1 ರೂಪಾಯಿ 50 ಪೈಸೆ ಎಂದು ತೀರ್ಮಾನವಾಯಿತು. ಜುಲೈಯ ಪುಟದಲ್ಲಿ "ಸರ್ವಾನುಮತ" ಎಂಬ ಪದಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು, ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಸಹಿ ಹಾಕಿದ್ದಾರೆ.